ಯಜಮಾನರಿಲ್ಲದ ಕಟ್ಟ

ನಾನು ಸುಳ್ಳು ಹೇಳಿದೆ. ಆ ಸುಳ್ಳು ನೆದರ್ಲೆಂಡಿನ ಸಂಸತ್ತಿನವರೆಗೆ ಹೋಯಿತು. ನಾನು ಮಾತ್ರ ಕಾಪುವಿನಲ್ಲೇ ಉಳಿದೆ, ಬಾಯಿ ಮುಚ್ಚಿಕೊಂಡು.

ಆಗ ನಾನು ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಮಾರ್ಲೀನ್ ಎಂಬ ಡಚ್ ಹುಡುಗಿ ಅಲ್ಲಿಗೆ ಕೆಲವು ತಿಂಗಳ ಓದಿಗೆಂದು ಬಂದಿದ್ದಳು. ನನ್ನದೇ ವಯಸ್ಸು, ನನ್ನಷ್ಟೇ ಬಾಯಿ. ಒಂದು ಸಂಜೆ ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಾ ತನ್ನ ದೇಶದ ವಿಷಯ ತೆಗೆದಳು. ಅವರ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ. ಹಿಂದೆ ರೈತರೆಲ್ಲ ಜಗಳ ಬದಿಗಿಟ್ಟು ಒಟ್ಟಿಗೆ ಒಡ್ಡು ಕಟ್ಟಲೇಬೇಕಾಗಿತ್ತಂತೆ. ತಮ್ಮ ಪ್ರಜಾಪ್ರಭುತ್ವ ಹುಟ್ಟಿದ್ದೇ ಆ ಕೆಸರಿನಲ್ಲಿ ಎಂದಳು. ಹೇಳಿದ ರೀತಿಯಲ್ಲಿ ಸ್ವಲ್ಪ ಜಂಬವಿತ್ತು — ಅಥವಾ ನನಗೆ ಹಾಗೆ ಕಂಡಿತು.

ನನಗೆ ತಡೆಯಲಾಗಲಿಲ್ಲ. ಅದೇನು ಮಹಾ, ನಮ್ಮೂರಲ್ಲೂ ಉಂಟು ಎಂದೆ. ಮಳೆಗಾಲ ಮುಗಿದ ಮೇಲೆ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಮನೆಯ ಹಿಂದೆ ಹರಿದು ಹೊಳೆ ಸೇರುವ ಸಣ್ಣ ತೋಡಿಗೆ ಕಲ್ಲು, ಮಣ್ಣು, ತೆಂಗಿನ ಮಡಲು ಹಾಕಿ ಕಟ್ಟ ಕಟ್ಟುತ್ತೇವೆ. ಮನೆಗೊಬ್ಬರು ಬರುತ್ತಾರೆ, ಸಂಬಳವಿಲ್ಲ, ಜಾತಿ ಭೇದವಿಲ್ಲ. ಬೇಕಾದರೆ ಭಾನುವಾರ ಬಂದು ನೋಡು ಎಂದುಬಿಟ್ಟೆ.

ಕಟ್ಟ ಇದ್ದದ್ದು ನಿಜ, ನಾನು ಚಿಕ್ಕವಳಿದ್ದಾಗ. ಆಮೇಲೆ ಸರಕಾರದವರು ಹೊಳೆಗೆ ಕಿಂಡಿ ಅಣೆಕಟ್ಟು ಮಾಡಿದರು, ನಮ್ಮ ತೋಡಿನ ಕಟ್ಟವನ್ನು ಎಲ್ಲರೂ ಮರೆತರು. ನಾನು ಊರಿಗೆ ಓಡಿ ಮಾವನನ್ನು ಹಿಡಿದೆ.

"ಎಂತ ಮಾರಾಯ್ತಿ, ಅಣೆಕಟ್ಟು ಇರುವಾಗ ಈ ತೋಡಿಗೆ ಕಟ್ಟ ಯಾಕೆ?" ಎಂದರು ಮಾವ.

"ಫಾರಿನ್‌ನವಳು ನೋಡ್ಲಿಕ್ಕೆ ಬರ್ತಾಳೆ ಮಾವ. ಊರಿನ ಮರ್ಯಾದೆ ಪ್ರಶ್ನೆ."

ಊರಿನ ಮರ್ಯಾದೆ ಎಂದರೆ ಮಾವ ಕರಗಿಹೋಗುತ್ತಾರೆ. ಕಾರ್ಕಳದಿಂದ ಅವರ ಬೀಗರು ಬಂದರು, ಉಡುಪಿಯಿಂದ ನನ್ನ ದೊಡ್ಡಮ್ಮನ ಮಕ್ಕಳು ಬಂದರು. ಅಮ್ಮ ಕೋರಿರೊಟ್ಟಿ ಮಾಡಿದಳು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಬಂದ ಬೀಗರು ಮೊದಲ ಬುಟ್ಟಿಗೇ ಜಾರಿ ತೋಡಿಗೆ ಬಿದ್ದರು. ಮಾರ್ಲೀನ್ ಅವರನ್ನು ಎತ್ತಲು ಹೋಗಿ ತಾನೂ ಬಿದ್ದಳು. ಅಷ್ಟು ನಕ್ಕ ದಿನ ನನ್ನ ಬಾಳಿನಲ್ಲಿ ಬೇರೆ ಇಲ್ಲ.

ಕೆಸರು ಒರೆಸಿಕೊಳ್ಳುತ್ತಾ ಅವಳು ಕೇಳಿದಳು, ಇಲ್ಲಿ ಯಜಮಾನರು ಯಾರು?

"ಇಲ್ಲಿ ಯಾರೂ ಯಜಮಾನರಿಲ್ಲ," ಎಂದೆ.

ಅದನ್ನು ಕನ್ನಡದಲ್ಲಿ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು.

ದೇಶಕ್ಕೆ ಮರಳಿದ ಮಾರ್ಲೀನ್ ತನ್ನ ಸಣ್ಣ ಪಟ್ಟಣದ ಪುರಸಭೆಗೆ ನಿಂತಳು, ಗೆದ್ದಳು. ಸೈಕಲಿನಲ್ಲೇ ಸಭೆಗೆ ಹೋಗುತ್ತಿದ್ದಳು. ಆಮೇಲೆ ಆ ಪಟ್ಟಣದ ನೀರು, ಕಾಲುವೆಗಳೆಲ್ಲ ಅವಳ ಜವಾಬ್ದಾರಿಗೆ ಬಂದವು. ಮುಂದೆ ಸಂಸತ್ತಿಗೆ ನಿಂತು ಸೋತಳು. ಸೋತ ದಿನ ಫೋನ್ ಮಾಡಿ, ನಿಮ್ಮ ತೋಡನ್ನು ನೆನೆಸಿಕೊಂಡೆ, ಮತ್ತೆ ನಿಲ್ಲುತ್ತೇನೆ ಎಂದಳು. ಅವತ್ತೇ ನಿಜ ಹೇಳಬೇಕಿತ್ತು — ಆದರೆ ಅಳುವವಳಿಗೆ ಹೇಗೆ... ಇಲ್ಲ, ಅದು ನೆವ. ನನ್ನಿಂದ ಒಬ್ಬಳು ಡಚ್ ರಾಜಕಾರಣಿ ಆದಳೆಂಬ ಹಿಗ್ಗನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಮರುಸಲ ಗೆದ್ದಳು. ಸಂಸತ್ತಿನಲ್ಲಿ ಮಾತಾಡಿದ ವೀಡಿಯೊ ಕಳಿಸಿದಳು. ಡಚ್ಚಿನ ನಡುವೆ ನನಗೆ ತಿಳಿದದ್ದು ಒಂದೇ ಮಾತು: "ಇಲ್ಲಿ ಯಾರೂ ಯಜಮಾನರಿಲ್ಲ." ಅಮ್ಮನಿಗೂ ತೋರಿಸಿದೆ. ಅಮ್ಮ ನಗಲಿಲ್ಲ.

"ಅಪ್ಪಿಗೆ ತೋರಿಸಿದ್ಯಾ?" ಎಂದಳು.

ಅಪ್ಪಿ ತೋಡಿನ ಆಚೆ ದಡದವಳು. ಹಳೆಯ ಕಟ್ಟಕ್ಕೆ ಮಣ್ಣು ಹೊತ್ತವರು ಅವಳ ಮನೆಯವರು, ಅವರು ಮಾತ್ರ. ನನ್ನ ಅಜ್ಜ ದಂಡೆಯಲ್ಲಿ ಕೊಡೆ ಹಿಡಿದು ನಿಂತು ಅಲ್ಲಿ ಹಾಕು, ಇಲ್ಲಿ ಹಾಕು ಎನ್ನುತ್ತಿದ್ದರು. ಮಧ್ಯಾಹ್ನ ಮಣ್ಣು ಹೊತ್ತವರಿಗೆ ಅಂಗಳದ ಹೊರಗೆ ಗಂಜಿ. ಇದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಮಾರ್ಲೀನಳಿಗಾಗಿ ಜನ ಸೇರಿಸಿದಾಗ ಕಾರ್ಕಳದ ಬೀಗರ ನೆನಪಾಯಿತು, ಕೂಗಿದರೆ ಕೇಳುವ ದೂರದ ಅಪ್ಪಿಯ ನೆನಪಾಗಲಿಲ್ಲ. ನೆನಪಾಗಲಿಲ್ಲವೇ? ಆಗಿತ್ತು. ಅವಳು ಬಂದರೆ ನಿಜ ಹೇಳಿಯಾಳೆಂದು ಕರೆಯಲಿಲ್ಲ.

ಮಾರ್ಲೀನ್ ಪ್ರತಿ ವರ್ಷ ಕಟ್ಟದ ಫೋಟೋ ಕೇಳುತ್ತಾಳೆ. ಹಾಗಾಗಿ ಪ್ರತಿ ವರ್ಷ ಕಟ್ಟ ಕಟ್ಟಿದೆವು. ತಮಾಷೆಗೆ ಸುರುವಾದದ್ದು ಈಗ ಎಲ್ಲರೂ ಕಾಯುವ ಹಬ್ಬವೇ ಆಗಿದೆ. ಪಕ್ಕದಲ್ಲಿ ಬಾಡಿಗೆಗಿರುವ ಬಾಗಲಕೋಟೆಯವರೂ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ. ಅಪ್ಪಿಯನ್ನು ಮಾತ್ರ ಒಂದು ವರ್ಷವೂ ಕರೆಯಲಿಲ್ಲ.

ಈ ಸಲ ರಜೆಯಲ್ಲಿ ಮಾರ್ಲೀನ್ ತಾನೇ ಬಂದಳು. ಕಟ್ಟದ ಹಿಂದಿನ ದಿನ ತೋಡಿನ ಬದಿಯಲ್ಲಿ ನಿಂತು, ಮುಂದಿನ ಚುನಾವಣೆಯ ಭಾಷಣವನ್ನೂ ಇಲ್ಲಿಂದಲೇ ಆರಂಭಿಸುತ್ತೇನೆ ಎಂದಳು. ಆಗ ಹೇಳಿದೆ. ಒಂದನ್ನೂ ಬಿಡದೆ, ಕೊಡೆಯನ್ನೂ ಗಂಜಿಯನ್ನೂ ಸೇರಿಸಿ ಹೇಳಿದೆ. ಅವಳ ಮುಖ ಕೆಂಪಾಯಿತು. ಹಾಗಾದರೆ ಅಷ್ಟು ಜನರ ಮುಂದೆ ನಾನು ಹೇಳಿದ್ದು ಸುಳ್ಳೇ ಎಂದು ಕೇಳಿದಳು. ಹೌದು ಎಂದೆ. ಮಣಿಪಾಲದಲ್ಲಿ ಅವಳು ಇಳಿದುಕೊಂಡಿದ್ದ ರೂಮಿಗೆ ಕಾರಿನಲ್ಲಿ ಬಿಟ್ಟುಬಂದೆ.

ಬೆಳಿಗ್ಗೆ ಅವಳ ಫೋನ್ ಬಂತು. ಒಂದೇ ಪ್ರಶ್ನೆ — ಆ ಹೆಂಗಸನ್ನು ಕರೆದೆಯಾ?

ತೋಡಿನ ಮೇಲಿನ ಕಾಲುಸಂಕ ದಾಟಿ ಹೋದೆ. ನಮ್ಮ ಮನೆಯಲ್ಲಿ ಮಕ್ಕಳೂ ಅವಳನ್ನು ಅಪ್ಪಿ ಎಂದೇ ಕರೆಯುವುದು. ಅವತ್ತು ಮೊದಲ ಸಲ "ಅಪ್ಪಿಯಕ್ಕ" ಎಂದೆ. ಅವಳು ಮೀನು ಕೊಯ್ಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಎಂತ, ಈಗ ನೆನಪಾಯ್ತಾ?"

ತಪ್ಪಾಯಿತು ಎಂದೆ, ಕಟ್ಟಕ್ಕೆ ಬನ್ನಿ ಎಂದೆ. ಅವಳು ಕೈಯಲ್ಲಿದ್ದ ಮೀನನ್ನು ಕೊಯ್ದು ಮುಗಿಸಿ, ಆಮೇಲೆ ಮೆಲ್ಲ ನಕ್ಕಳು.

"ಬರ್ತೇನೆ. ಆದ್ರೆ ಮಣ್ಣು ಹೊರುದಿಲ್ಲ. ಕೊಡೆ ಹಿಡ್ಕೊಂಡು ನಿಲ್ತೇನೆ. ಅಡ್ಡಿ ಉಂಟಾ?"

ಅಡ್ಡಿ ಇರಲಿಲ್ಲ. ದೊಡ್ಡ ಹೂವಿನ ಕೊಡೆ ಹಿಡಿದು, ಹೊಸ ಸೀರೆ ಉಟ್ಟು ಬಂದಳು. ನನ್ನ ಅಜ್ಜ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. "ಓ ಮೇಡಂ, ಅಲ್ಲಿ ಅಲ್ಲ, ಇಲ್ಲಿ ಹಾಕಿ!" ಎಂದು ಅವಳು ಕೂಗಿದಾಗ ನೆದರ್ಲೆಂಡಿನ ಸಂಸತ್ ಸದಸ್ಯೆ ಬುಟ್ಟಿ ಹೊತ್ತು ಓಡಿದಳು. ದಂಡೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅಪ್ಪಿಯಕ್ಕನೂ ನಕ್ಕಳು, ಕೊಡೆ ಮಾತ್ರ ಕೆಳಗಿಳಿಸಲಿಲ್ಲ.

ಹೋಗುವಾಗ ಮಾರ್ಲೀನ್ ಹೇಳಿದಳು, ಎಲ್ಲಿ ಸುಳ್ಳು ಹೇಳಿದೆನೋ ಅಲ್ಲೇ ನಿಂತು ತಿದ್ದುತ್ತೇನೆ, ಮತ ಹೋದರೆ ಹೋಗಲಿ. ಅವಳು ಅಲ್ಲಿ ತಿದ್ದುವ ಮೊದಲು ನಾನು ಇಲ್ಲಿ ತಿದ್ದುತ್ತಿದ್ದೇನೆ: ನಮ್ಮ ಕಟ್ಟಕ್ಕೆ ಯಜಮಾನರಿದ್ದರು, ಅವರು ನನ್ನ ಅಜ್ಜ. ಮಣ್ಣು ಹೊತ್ತವರು ಅಪ್ಪಿಯಕ್ಕನ ಮನೆಯವರು. ಮುಂದಿನ ವರ್ಷ ಫೋಟೋ ತೆಗೆಯುವಾಗ ನಡುವೆ ನಿಲ್ಲುವವಳು ಅವಳು, ಕೊಡೆಯ ಸಮೇತ. ಬುಟ್ಟಿ ನನ್ನ ತಲೆಯ ಮೇಲೆ.