ಟೀಸರ್ ನೋಡುತ್ತಿದ್ದಾಗ ಅಪ್ಪ ಹೇಳಿದ್ದು

"ಅಂಕಲ್, ನಿಜವಾದ ವಾರ್ ಹೀಗೇ ಇರುತ್ತಾ?" ಎಂದು ನನ್ನ ಗಂಡನ ಗೆಳೆಯ ಸುಹಾಸ್ ಅಪ್ಪನನ್ನು ಕೇಳಿದ. ವಿದೇಶದಲ್ಲಿ, ಟಾರ್ನೀಟ್ ಎಂಬ ಊರಿನ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಗೆಳೆಯರೆಲ್ಲ ಸೇರಿ, ಹೆಸರಾಂತ ನಿರ್ದೇಶಕರೊಬ್ಬರ ಬರಲಿರುವ ಯುದ್ಧದ ಸಿನಿಮಾದ ಟೀಸರನ್ನು ಹನ್ನೊಂದನೇ ಸಲ ಹಾಕಿದ್ದರು. ಕಿಟಕಿ ಗಾಜು ಅದುರುತ್ತಿತ್ತು. ಸೌಂಡ್ ಕಡಿಮೆ ಮಾಡಿ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು.

ಬೆಳಗಾವಿಯಿಂದ ಬಂದಿದ್ದ ಅಪ್ಪ ನಿವೃತ್ತ ಸೈನಿಕರು. ಚಹಾದ ಕಪ್ ಕೆಳಗಿಟ್ಟು, "ಸಪ್ಪಳ ಹಿಂಗ ಇತ್ತಪಾ. ಅದರಾಗ ನನ್ನ ದೋಸ್ತ ಒದರಿದ್ದು ನನಗ ಕೇಳಿಸಲೇ ಇಲ್ಲ" ಎಂದರು.

ಸುಹಾಸ್ ಫೋನ್ ಎತ್ತಿ ಹಿಡಿದ. "ಸೂಪರ್ ಅಂಕಲ್! ಇನ್ನೊಂದ್ ಸಲ ಹೇಳಿ, ರೆಕಾರ್ಡ್ ಮಾಡ್ಕೋತೀನಿ. ಫ್ಯಾನ್ಸ್ ಗ್ರೂಪ್‌ಗೆ ಹಾಕೋಣ!"

ಮೈಯೆಲ್ಲ ಉರಿದುಹೋಯಿತು. ಟಿವಿ ಆರಿಸಿ, ಎಲ್ಲರನ್ನೂ ಎಬ್ಬಿಸಿ ಕಳಿಸಿಬಿಟ್ಟೆ. ಅಪ್ಪ ಹಿತ್ತಿಲಿಗೆ ಹೋಗಿ, ಒಣಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದರು.

ಸುಹಾಸ್ ಮೇಲಿನ ಸಿಟ್ಟು ಎರಡೇ ದಿನಕ್ಕೆ ಇಳಿಯಿತು. ನನ್ನ ಮೇಲಿನದು ಇನ್ನೂ ಇಳಿದಿಲ್ಲ. ಅವನಾದರೂ ಯುದ್ಧ ಹೇಗಿರುತ್ತದೆ ಎಂದು ಕೇಳಿದ. ನಲವತ್ತು ವರ್ಷ ಅವರ ಮಗಳಾಗಿದ್ದೂ ನಾನು ಒಮ್ಮೆಯೂ ಕೇಳಿರಲಿಲ್ಲ.