ಪೇಟ ತೊಟ್ಟವರಿಗೊಂದು ಫೋನ್

ನಾನೀಗ ಬೆಳಗಿನ ಹೊತ್ತು ಡ್ರೈವರ್ ಕೆಲಸ ಮಾಡುತ್ತಿದ್ದೇನೆ. ಸಂಬಳವಿಲ್ಲ. (ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಸಿಗುತ್ತದೆ, ದೂರುವ ಹಾಗಿಲ್ಲ.) ನನ್ನ ಪ್ರಯಾಣಿಕಳು ಒಬ್ಬಳೇ, ಪಕ್ಕದ ಮನೆಯ ಜಬೀನಾ. ಧಾರವಾಡದಲ್ಲಿ ನರ್ಸ್ ಆಗಿದ್ದವಳು. ಇಲ್ಲಿ ನ್ಯೂಜಿಲೆಂಡಿಗೆ ಬಂದು ಮನುಕಾವ್‌ನ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುತ್ತಾ, ನರ್ಸಿಂಗ್ ರಿಜಿಸ್ಟ್ರೇಷನ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದಾಳೆ. ಅವಳ ಡ್ರೈವಿಂಗ್ ಲೈಸೆನ್ಸ್ ಈಗ ಕೋರ್ಟಿನ ವಶದಲ್ಲಿದೆ.

ಯಾಕೆ? ಸೂಪರ್ ಮಾರ್ಕೆಟ್ಟಿನ ಮುಂದೆ ಕಾರು ರಿವರ್ಸ್ ತೆಗೆಯುವಾಗ ಸರಿಯಾಗಿ ಹಿಂದೆ ನೋಡಲಿಲ್ಲ. ವಯಸ್ಸಾದವರೊಬ್ಬರು ಬಿದ್ದು ಕೈ ಮುರಿದುಕೊಂಡರು. ತಪ್ಪು ಅವಳದೇ. ಅದನ್ನು ಪೊಲೀಸರ ಮುಂದೆ ಮೊದಲು ಹೇಳಿದವಳೂ ಅವಳೇ. ಆ ಹಿರಿಯರನ್ನು ನೋಡಲು ಆಸ್ಪತ್ರೆಗೂ ಹೋಗಿ ಬಂದಳು. ಅವರು ಇವಳ ಕೈ ಹಿಡಿದು ಸಮಾಧಾನ ಮಾಡಿ ಕಳಿಸಿದ್ದರು.

ಇಂಥವರಿಗೆಂದೇ ಇಲ್ಲಿ ಡೈವರ್ಷನ್ ಅಂತ ಒಂದು ದಾರಿಯಿದೆ. ಮೊದಲ ತಪ್ಪು, ಸಣ್ಣದು, ಒಪ್ಪಿಕೊಂಡು ಕ್ಷಮೆ ಕೇಳಿದರೆ ಪೊಲೀಸರೇ ಕೇಸು ಹಿಂದಕ್ಕೆ ತೆಗೆದುಕೊಳ್ಳಬಹುದು. ಶಿಕ್ಷೆಯ ಕಲೆ ಉಳಿಯುವುದಿಲ್ಲ. ನರ್ಸ್ ಆಗಬೇಕಾದವಳಿಗೆ ಬೇಕಾದದ್ದೂ ಅಷ್ಟೇ. ಕೇಸು ನೋಡುತ್ತಿದ್ದ ಸಾರ್ಜೆಂಟ್, "ನೋಡೋಣ, ಮಂಗಳವಾರ ಬಾ" ಅಂದಿದ್ದರು.

ಮಂಗಳವಾರಕ್ಕೆ ಮುಂಚೆ ಭಾನುವಾರ ಬಂತು. ಗೋಪಾಲ್ ಅಂಕಲ್ ಮನೆಯಲ್ಲಿ ಊಟವೂ ಬಂತು.

ಗೋಪಾಲ್ ಅಂಕಲ್ ಮೈಸೂರಿನವರು. ಪೆನ್‌ರೋಸ್‌ನ ಗೋದಾಮೊಂದರಲ್ಲಿ ಮ್ಯಾನೇಜರ್, ನಮ್ಮ ಕನ್ನಡ ಬಳಗದ ಅಧ್ಯಕ್ಷರು. ಯಾರ ಮನೆಯ ಗ್ಯಾಸ್ ಹೀಟರ್ ಕೆಟ್ಟರೂ ಓಡಿ ಬರುವ ಜೀವ. ಅವತ್ತು ಬಿಸಿಬೇಳೆ ಬಾತ್ ಬಡಿಸಿ ಟಿವಿ ಹಾಕಿದರು. ಅಮೆರಿಕದ ಸುದ್ದಿ ಬರುತ್ತಿತ್ತು.

ಈ ವರ್ಷ ನೀವೂ ಓದಿರುತ್ತೀರಿ. ಅಲ್ಲಿ ಫೆಡರಲ್ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಪ್ರಾಸಿಕ್ಯೂಟರ್‌ಗಳಲ್ಲಿ ಹಲವರನ್ನು ಮನೆಗೆ ಕಳಿಸಿದ್ದಾರೆ. ಅಧ್ಯಕ್ಷರೇ ನೇಮಿಸಿದವರು, ಅಧ್ಯಕ್ಷರೇ ತೆಗೆಯಬಹುದು. ತಕರಾರು ಅದಲ್ಲ. ಆಳುವವರಿಗೆ ಬೇಕಾದ ಕೇಸು ಹಾಕಲಿಲ್ಲ ಅಂತ ತೆಗೆದರಾ? ಬೇಡವಾದ ಕೇಸು ಬಿಡಲಿಲ್ಲ ಅಂತ ತೆಗೆದರಾ? ಒಬ್ಬರಿಗಂತೂ ಚುನಾವಣೆಗೆ ಮುಂಚೆ ಜನಪ್ರತಿನಿಧಿಗಳೇ ಫೋನ್ ಮಾಡಿ ಕೇಸಿನ ವಿಷಯ ವಿಚಾರಿಸಿದ್ದರಂತೆ.

ಗೋಪಾಲ್ ಅಂಕಲ್ ಸೌಟು ಹಿಡಿದೇ ಕೆಂಡವಾದರು. "ಕೇಸಿನ ವಿಷಯಕ್ಕೆ ಗೆದ್ದು ಬಂದವ್ರು ಫೋನ್ ಮಾಡೋದಾ? ಥೂ, ಮಾನ ಮರ್ಯಾದೆ ಬೇಡ್ವಾ? ಇಂಥೋರು ಬೇರೆಯವ್ರಿಗೆ ಪ್ರಜಾಪ್ರಭುತ್ವ ಹೇಳ್ಕೊಡ್ತಾರೆ."

ನಾವೆಲ್ಲ ಹೌದು ಹೌದು ಅಂದೆವು. ಅಮೆರಿಕವನ್ನು ಬೈಯುತ್ತಾ ಉಂಡರೆ ಬಾತು ಇನ್ನೆರಡು ಸೌಟು ಜಾಸ್ತಿಯೇ ಇಳಿಯುತ್ತದೆ.

ಕೈ ತೊಳೆದುಕೊಂಡು ಬಂದ ಅಂಕಲ್ ಜಬೀನಾಳ ಕಡೆ ತಿರುಗಿದರು. "ನಿನ್ ಕೇಸ್ ಏನಾಯ್ತಮ್ಮ? ನಮ್ ಎಂಪಿಗೆ ಒಂದು ಮಾತು ಹೇಳ್ಸಿಬಿಡೋಣ ತಗೋ. ಹೋದ ರಾಜ್ಯೋತ್ಸವಕ್ಕೆ ಬಂದಿರ್ಲಿಲ್ವಾ? ನಾನೇ ಪೇಟ ತೊಡಿಸಿದೀನಿ."

ನಿಜ. ಮೈಸೂರು ಪೇಟ, ಶಾಲು, ಗಂಧದ ಹಾರ. ಪಾಪ, ಇಲ್ಲಿಯವರೇ ಆದ ಆ ಬಿಳಿಯ ಎಂಪಿ ಪೇಟ ಜಾರದಂತೆ ಕತ್ತು ನೆಟ್ಟಗಿಟ್ಟುಕೊಂಡೇ ಕೋಲಾಟ ಮುಗಿಯುವವರೆಗೂ ಕೂತಿದ್ದರು. ಅವರಿಗೆ ಅದು ಮರ್ಯಾದೆ. ನಮಗೆ?

"ಬ್ಯಾಡ್ರಿ ಅಂಕಲ್," ಅಂದಳು ಜಬೀನಾ. "ಆ ಸಾರ್ಜೆಂಟ್ ಛಲೋ ಮನಷ್ಯಾ ಅದಾರ. ಮಂಗಳವಾರ ಬಾ ಅಂದಾರ್ರಿ."

"ನೀನು ಸುಮ್ನಿರಮ್ಮ. ಒಂದು ಮಾತು ಕಿವಿ ಮೇಲೆ ಹಾಕಿದ್ರೆ ನಷ್ಟ ಏನು?"

ಟಿವಿಯಲ್ಲಿ ಇನ್ನೂ ಅಮೆರಿಕವೇ ಇತ್ತು. ಅಂಕಲ್ ಅದರ ಸದ್ದು ತಗ್ಗಿಸಿ ಫೋನ್ ಹಚ್ಚಿದರು. ನಾವು ಯಾರೂ ತಡೆಯಲಿಲ್ಲ.

ಎಂಪಿ ತುಂಬಾ ಸೌಜನ್ಯದಿಂದ, ಪೊಲೀಸ್ ಕೇಸಿನಲ್ಲಿ ತಾನು ಬಾಯಿ ಹಾಕುವಂತಿಲ್ಲ ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂಗಳವಾರ ಧೈರ್ಯಕ್ಕೆಂದು ಜಬೀನಾಳ ಜೊತೆ ಸ್ಟೇಷನ್ನಿಗೆ ಹೋದ ಅಂಕಲ್, ಕೂತ ಕೂಡಲೇ ಸಾರ್ಜೆಂಟ್‌ಗೆ ಹೇಳಿದರಂತೆ, ಈ ಹುಡುಗಿಯ ವಿಷಯ ಎಂಪಿಯವರಿಗೂ ಗೊತ್ತಿದೆ, ಅವರು ನಮಗೆ ಬಹಳ ಬೇಕಾದವರು ಅಂತ.

ಸಾರ್ಜೆಂಟ್ ಪೆನ್ ಕೆಳಗಿಟ್ಟರಂತೆ.

"ಇವತ್ತು ನಾನು ಡೈವರ್ಷನ್‌ಗೆ ಒಪ್ಪಿಗೆ ಹಾಕುವವನಿದ್ದೆ. ಇನ್ನು ನಾನು ಹಾಕಿದರೆ ಅದು ಎಂಪಿ ಹೇಳಿ ಹಾಕಿಸಿದ ಹಾಗೆ. ಇದನ್ನು ಬೇರೆಯವರೇ ನೋಡಲಿ," ಅಂದು ಫೈಲು ಮುಚ್ಚಿದರು.

ಬೇರೆಯವರು ನೋಡಿದರು. ಅವರು ಜಬೀನಾಳ ಮುಖ ಕಂಡವರಲ್ಲ, ಕಂಡದ್ದು ಮುರಿದ ಕೈಯ ಎಕ್ಸ್-ರೇ ಮಾತ್ರ. ಕೇಸು ಕೋರ್ಟಿಗೆ ಹೋಯಿತು. ಶಿಕ್ಷೆಯಾಯಿತು, ಲೈಸೆನ್ಸ್ ಹೋಯಿತು. ನರ್ಸಿಂಗ್ ಅರ್ಜಿಗೆ ಈಗ ಆ ವಿವರವೂ ಸೇರಿದೆ. ಅಲ್ಲಿಂದ ಉತ್ತರ ಇನ್ನೂ ಬಂದಿಲ್ಲ.

ಸಾರ್ಜೆಂಟ್ ಮಾಡಿದ್ದು ಸರಿಯಾ? ಜಬೀನಾ ಸರಿ ಅನ್ನುತ್ತಾಳೆ, ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಆದರೆ ಒಂದು ಅರ್ಥವಾಯಿತು. ದೊಡ್ಡವರ ಹೆಸರು ಒಳಗೆ ಬಂದ ಮೇಲೆ ನ್ಯಾಯವಾದ ತೀರ್ಮಾನವೂ ಅನ್ಯಾಯದ ಹಾಗೇ ಕಾಣುತ್ತದೆ. ಅಮೆರಿಕದಲ್ಲೂ ಈಗ ಅದೇ ಪಾಡಲ್ಲವೇ? ಉಳಿದ ಪ್ರಾಸಿಕ್ಯೂಟರ್‌ಗಳು ನಾಳೆ ಎಷ್ಟೇ ಪ್ರಾಮಾಣಿಕವಾಗಿ ಕೇಸು ಹಾಕಲಿ, ಇದು ಯಾರು ಹೇಳಿ ಹಾಕಿಸಿದ್ದು ಅಂತ ಜನ ಕೇಳದೆ ಬಿಡುತ್ತಾರಾ?

ಮೊನ್ನೆ ಕಾರಿನಲ್ಲಿ ಅಂಕಲ್ ಕೂಡ ಇದ್ದರು. ಅವರ ಪಿಕಪ್ ಗಾಡಿ ಸರ್ವೀಸಿಗೆ ಹೋಗಿತ್ತು. ಮುಖ ಸಣ್ಣದಾಗಿತ್ತು. ಈಚೆಗೆ ಸರಿಯಾಗಿ ನಿದ್ದೆ ಮಾಡುತ್ತಿಲ್ಲ ಅಂತ ಆಂಟಿ ಹೇಳಿದ್ದರು. ಅರ್ಧ ದಾರಿಯಲ್ಲಿ ಅಂಕಲ್ ಹಿಂದಿನ ಸೀಟಿನ ಜಬೀನಾಳ ಕಡೆ ತಿರುಗಿ, "ನನ್ನಿಂದ ತಪ್ಪಾಯ್ತು ಕಣಮ್ಮ," ಅಂದರು. ನಾನು ಕಾರು ನಿಧಾನ ಮಾಡಿದೆ. ಅವರ ಮಾತು ಮುಗಿದಿರಲಿಲ್ಲ.

"ಎಂಪಿ ಹತ್ರ ಹೋಗ್ಲೇಬಾರ್ದಿತ್ತು. ಸೀದಾ ಮಂತ್ರಿಗಳಿಗೇ ಹೇಳಿಸ್ಬೇಕಿತ್ತು."

ಜಬೀನಾ ಕಿಟಕಿಯಾಚೆ ನೋಡುತ್ತಿದ್ದಳು. ವೃದ್ಧಾಶ್ರಮದ ಗೇಟು ಬಂದಾಗ ಇಳಿದು, ಅಂಕಲ್ ಕೂತಿದ್ದ ಬಾಗಿಲ ಹತ್ತಿರ ಬಗ್ಗಿ ಮೆಲ್ಲಗೆ ಅಂದಳು: "ಅಂಕಲ್, ನಿಮ್ಮ ಪ್ರೀತಿ ನನಗ ಗೊತ್ತೈತ್ರಿ. ಇನ್ನೊಮ್ಮೆ ಯಾರ ಮುಂದೂ ನನ್ನ ಹೆಸರು ಹೇಳಬ್ಯಾಡ್ರಿ."

ಫೋನ್ ಮಾಡುವ ದೊಡ್ಡವರ ಹೆಸರು ಪೇಪರಿನಲ್ಲಿ ಬರುತ್ತದೆ, ಫೋನ್ ಮಾಡಿಸುವ ನಮ್ಮ ಹೆಸರು ಎಲ್ಲಿ ಬರುತ್ತದೆ?