ಮಣ್ಣಿನಮ್ಮನ ಹೊಟ್ಟೆಕಿಚ್ಚು

ಪಾಗೆರ್ ನದಿಯಂಚಿನ ಜೌಗಿನ ಮೇಲೆ ಇನ್ನೂ ಮಂಜು ಕವಿದಿದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತ ಅಡೊಂಗ್ ಕಾರ್ಮೆಲಾ ಮೇಲಿನ ಕಪ್ಪು ಪದರ ಸರಿಸಿ, ಅಡಿಯ ಬೂದು ಜೇಡಿಮಣ್ಣನ್ನು ಅಗೆದು ಬುಟ್ಟಿಗೆ ತುಂಬುತ್ತಿದ್ದಾರೆ. ನಡುವೆ ಒಂದು ಚೂರನ್ನು ನಾಲಿಗೆಗೆ ತಾಗಿಸಿ ಉಗುಳುತ್ತಾರೆ. "ಮರಳು ಜಾಸ್ತಿ. ಮಕ್ಕಳ ಕೈ ತರಚುತ್ತೆ." ಅಷ್ಟನ್ನೂ ಚೆಲ್ಲಿ ಮತ್ತೆ ಅಗೆಯುತ್ತಾರೆ. ಬೆಳಗಿನ ಜೋಳದ ಗಂಜಿ ಬಡಿಸುವಷ್ಟರಲ್ಲಿ ಎರಡು ಬುಟ್ಟಿ ಮಣ್ಣು ಕಿಟ್ಗುಮ್ ಊರಾಚೆಯ ಮಕ್ಕಳ ಧಾಮ ತಲುಪಬೇಕು.

ಅಲ್ಲಿ ಇಪ್ಪತ್ತಾರು ಮಕ್ಕಳು. ಗಡಿಯಾಚೆಯ ಗುಂಡಿನ ಸದ್ದಿಗೆ ಓಡಿಬಂದವರು, ಮನೆಯವರದೇ ಏಟು ತಿಂದವರು. ಹನ್ನೊಂದು ವರ್ಷಗಳಿಂದ ಇಂಥ ಮಕ್ಕಳ ಕೈಗೆ ಮಣ್ಣು ಕೊಡುತ್ತಿರುವ ಕಾರ್ಮೆಲಾ ಕಾಗದದ ಮೇಲೆ ಬರೀ ಅಡುಗೆ ಸಹಾಯಕಿ. ಯುದ್ಧದ ಕಾಲದಲ್ಲಿ ಒಂಬತ್ತು ವರ್ಷ ನಿರಾಶ್ರಿತರ ಶಿಬಿರದಲ್ಲಿದ್ದಾಗ ಆಕೆಗೆ ಮಡಕೆ ಕೆಲಸ ಕಲಿಸಿದ್ದು ಅತ್ತೆ.

"ಮಗ ಸತ್ತಾಗ ನಂಗೆ ಅಳು ಬರ್ಲಿಲ್ಲ. ಅತ್ತೆ ಸಮಾಧಾನ ಗಿಮಾಧಾನ ಏನೂ ಮಾಡ್ಲಿಲ್ಲ. ಒಂದು ಮುದ್ದೆ ಮಣ್ಣು ಕೊಟ್ಟು, ನಾದು ಅಂದ್ರು. ನಾದ್ತಾ ನಾದ್ತಾ ಅಳು ಬಂತು."

ಧಾಮದ ಅಂಗಳದಲ್ಲಿ ಮಕ್ಕಳು ಮಣ್ಣಾಡುವ ಅವರ ಚಪ್ಪರದಲ್ಲಿ ಎರಡೇ ಕಟ್ಟಳೆ. ಮಣ್ಣಿನಲ್ಲಿ ಏನು ಮಾಡಿದೆ ಎಂದು ಮಗುವನ್ನು ಕೇಳಕೂಡದು. ಯಾವುದನ್ನೂ ಸುಡಕೂಡದು; ಬೇಡವೆನಿಸಿದ್ದನ್ನು ಮಗುವೇ ನೀರಿನಲ್ಲಿ ಕರಗಿಸಿಬಿಡಬಹುದು.

ಕಳೆದ ವರ್ಷ ಬಂದ ಎಂಟು ವರ್ಷದ ಅಬೆರ್‌ಗೆ ಮಾತೇ ಇರಲಿಲ್ಲ. ಐದು ತಿಂಗಳು ಕಾರ್ಮೆಲಾ ಪಕ್ಕದಲ್ಲೇ ಕೂತು ದಿನಾ ಒಂದು ಗುಡಿಸಲು ಮಾಡುತ್ತಿದ್ದಳು, ಬಾಗಿಲಿಲ್ಲದ್ದು. ಮಾಡಿ, ಅಂಗೈಯಿಂದ ಅಪ್ಪಚ್ಚಿ ಮಾಡುತ್ತಿದ್ದಳು. ಒಂದು ಬೆಳಗ್ಗೆ ಕಿರುಬೆರಳಿನಿಂದ ಬಾಗಿಲು ಕೊರೆದಳು. ಕಾರ್ಮೆಲಾ ಅಡುಗೆಮನೆಗೆ ಓಡಿ, ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತರು.

ಅದೇ ವಾರ ಸಂಗೀತ ಕಲಿಸಲು ಒಕಿದಿ ಬಂದರು. ವಯಸ್ಸು ಇಪ್ಪತ್ತೊಂಬತ್ತು, ಕೈಯಲ್ಲಿ ತಂತಿವಾದ್ಯ ಅಡುಂಗು. ಹತ್ತನೇ ದಿನ ಅವರ ಹಾಡಿನ ನಡುವೆ ಅಬೆರ್ ಬಾಯಿ ತೆರೆದಳು. ಓಡುವಾಗ ಕೈತಪ್ಪಿಹೋದ ತಮ್ಮನ ಹೆಸರು ಹಾಡಿದಳು: ಒಲುಮ್. ಇಡೀ ಧಾಮ ಒಕಿದಿಯನ್ನು ಕೊಂಡಾಡಿತು. ಕಾರ್ಮೆಲಾ ತಳ ಹಿಡಿದ ಪಾತ್ರೆ ತಿಕ್ಕುತ್ತಾ ಕೂತಿದ್ದರು.

"ನಿಜ ಹೇಳ್ಲಾ? ಮೈಯೆಲ್ಲ ಉರೀತು. ಐದು ತಿಂಗಳು ಪಕ್ಕದಲ್ಲಿ ಕೂತಿದ್ದು ನಾನು. ಮಾತು ಮಾತ್ರ ಅವನಿಗೆ!"

ಮರುದಿನದಿಂದ ಹಾಡಿನ ಹೊತ್ತಿಗೆ ಸರಿಯಾಗಿ, "ದೊಡ್ಡ ಮಡಕೆ ಮಾಡೋಣ, ಇಲ್ಲೇ ಇರು ಮಗಾ" ಎಂದು ಹುಡುಗಿಯನ್ನು ಕೂರಿಸಿಕೊಂಡರು. ಮೂರು ದಿನ ಅವಳು ತುಟಿ ಬಿಚ್ಚದೆ ಮಣ್ಣು ನಾದಿದಳು. ನಾಲ್ಕನೇ ದಿನ ಮುಟ್ಟಲೂ ಇಲ್ಲ. ಅಂಗಳದಾಚೆಯಿಂದ ಅಡುಂಗು ಕೇಳಿಸುತ್ತಿತ್ತು. ಅವಳ ತುಟಿ ಸದ್ದಿಲ್ಲದೆ ಅದರ ಜೊತೆ ಆಡುತ್ತಿತ್ತು.

"ಕಳ್ಳಿ ಥರ ಅನ್ನಿಸ್ತು ನಂಗೆ" ಎನ್ನುತ್ತಾರೆ ಕಾರ್ಮೆಲಾ. ಐದನೇ ದಿನ ಹಾಡಿನ ಹೊತ್ತಿಗೆ ಹುಡುಗಿಯನ್ನು ತಾವೇ ಒಕಿದಿಯ ಬಳಿ ಕರೆದೊಯ್ದರು.

"ಏನಮ್ಮಾ, ನಾಲ್ಕು ದಿನ ಬೀಗ ಹಾಕಿಟ್ಟಿದ್ರಾ ಇವಳನ್ನ?" ಒಕಿದಿ ನಗುತ್ತಾ ಕೇಳಿದರು.

"ಹೂಂ ಕಣೋ, ಹಾಕಿದ್ದೆ. ಹೊಟ್ಟೆಕಿಚ್ಚಿಗೆ. ಹಲ್ಲು ಕಿರೀಬೇಡ, ನುಡಿಸು."

ಒಕಿದಿಯ ನಗು ನಿಂತಿತು. ಚಾಪೆಯಲ್ಲಿ ಸರಿದು ಕೂತು, ಆಕೆಗೂ ಜಾಗ ಬಿಟ್ಟರು.

ಆ ವಾರ ಅಬೆರ್ ಬಾಯಲ್ಲಿ ಹಳ್ಳಿಯ ಹೆಸರು ಬಂತು, ಅಪ್ಪನ ಹೆಸರು ಬಂತು. ಅದನ್ನೇ ಹಿಡಿದು ಹುಡುಕಿದವರಿಗೆ ಎರಡು ತಿಂಗಳ ಮೇಲೆ ದೂರದ ಶಿಬಿರವೊಂದರಲ್ಲಿ ಒಲುಮ್ ಸಿಕ್ಕ. ಈಗ ಅಕ್ಕ ತಮ್ಮ ಇಬ್ಬರೂ ಚಿಕ್ಕಮ್ಮನ ಮನೆಯಲ್ಲಿದ್ದಾರೆ. "ಆ ಪುಟ್ಟ ನಾಲ್ಕು ದಿನ ಹೆಚ್ಚಿಗೆ ಒಂಟಿಯಾಗಿದ್ದ. ಅದು ನನ್ನಿಂದ" ಎನ್ನುವಾಗ ಕಾರ್ಮೆಲಾ ಉಗುರಿನ ಸಂದಿಯ ಮಣ್ಣು ಕೆರೆಯುತ್ತಾರೆ.

ಏನಾದರೂ ಆಸೆ ಉಂಟೇ ಎಂದರೆ ತುಸು ನಾಚುತ್ತಾರೆ.

"ಒಕಿದಿ ಒಳ್ಳೆಯವನೇ. ಆದ್ರೂ ಆ ವಾದ್ಯ ಕಂಡ್ರೆ ಈಗ್ಲೂ ಒಂಚೂರು ಉರಿಯುತ್ತೆ. ನಾಳೆ ಇಬ್ರು ಹೊಸ ಮಕ್ಕಳು ಬರ್ತಾರಂತೆ. ಒಬ್ರಾದ್ರೂ ಮೊದಲನೇ ಮಾತು ನನ್ ಹತ್ರ ಆಡ್ಲಿ. 'ನೀರು' ಅಂದ್ರೂ ಸಾಕು."